ಉಯಿಲು ಬರೆದಿಡದಿದ್ದರೆ ಆಸ್ತಿ ಯಾರಿಗೆ? ಜೈನ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಮನೆ, ಜಮೀನು, ಅಂಗಡಿ, ಚಿನ್ನ, ಬ್ಯಾಂಕ್ ಠೇವಣಿ ಇವನ್ನೆಲ್ಲ ಸಂಪಾದಿಸಲು ಇಡೀ ಆಯುಷ್ಯ ಸವೆಸುತ್ತೇವೆ. ನಮ್ಮ ನಂತರ ಅವು ಯಾರಿಗೆ ಸೇರಬೇಕು ಎಂಬುದನ್ನು ಎರಡು ಹಾಳೆಯಲ್ಲಿ ಬರೆದಿಡಲು ಮಾತ್ರ ಹಿಂಜರಿಯುತ್ತೇವೆ. ‘ಸಾವಿನ ಮಾತು ಈಗೇಕೆ’, ‘ಮಕ್ಕಳು ಹೊಂದಿಕೊಂಡೇ ಇದ್ದಾರಲ್ಲ’, ‘ಎಲ್ಲದಕ್ಕೂ ನಾಮಿನಿ ಹಾಕಿದ್ದೇನೆ’ ಎಂಬ ಮಾತುಗಳು ಎಲ್ಲ ಮನೆಗಳಲ್ಲೂ ಕೇಳಿಬರುತ್ತವೆ. ಆದರೆ ನಾವು ಬರೆದಿಡದೆ ಹೋದರೆ ಹಂಚಿಕೆಯನ್ನು ಕಾನೂನು ಮಾಡುತ್ತದೆ. ಅದು ನಾವು ಅಂದುಕೊಂಡಂತೆಯೇ ಇರುತ್ತದೆ ಎನ್ನುವಂತಿಲ್ಲ.

ನಮಗೆ ಅನ್ವಯಿಸುವ ಕಾನೂನು

ಜೈನರಿಗೆ ಇಂದು ಪ್ರತ್ಯೇಕ ಉತ್ತರಾಧಿಕಾರ ಕಾಯ್ದೆ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಜೈನರಿಗೂ ಅನ್ವಯಿಸುತ್ತದೆ. 2014ರಲ್ಲಿ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ದೊರೆತ ಮೇಲೂ ಇದು ಬದಲಾಗಿಲ್ಲ.

ಉಯಿಲು ಇಲ್ಲದಿದ್ದರೆ

ಯಜಮಾನರೊಬ್ಬರು ಹೆಂಡತಿ, ಮಗ, ಮಗಳು ಮತ್ತು ವೃದ್ಧ ತಾಯಿಯನ್ನು ಬಿಟ್ಟು ತೀರಿಕೊಂಡರು ಎನ್ನಿ. ಅವರ ಸ್ವಯಾರ್ಜಿತ ಮನೆಯಲ್ಲಿ ನಾಲ್ವರಿಗೂ ತಲಾ ಕಾಲು ಪಾಲು. ಮಗಳಿಗೆ ಮದುವೆಯಾಗಿದ್ದರೂ ಪಾಲು ಕಡಿಮೆಯಾಗುವುದಿಲ್ಲ. ಹೆಂಡತಿ ಒಬ್ಬರೇ ಆ ಮನೆಯನ್ನು ಮಾರಲಾರರು. ಮಕ್ಕಳು ಅಪ್ರಾಪ್ತರಾಗಿದ್ದರೆ ಅವರ ಪಾಲನ್ನು ಮಾರಲು ನ್ಯಾಯಾಲಯದ ಅನುಮತಿ ಬೇಕು. ಮುಂದೆ ಆ ತಾಯಿಯೂ ಉಯಿಲು ಬರೆಯದೆ ತೀರಿಕೊಂಡರೆ ಅವರ ಕಾಲು ಪಾಲಿನಲ್ಲಿ ಅವರ ಇತರ ಮಕ್ಕಳಿಗೂ ಹಕ್ಕು ಬರುತ್ತದೆ. ಹೀಗೆ ಒಂದೇ ಮನೆಗೆ ಹತ್ತು ಜನರ ಸಹಿ ಬೇಕಾಗುತ್ತದೆ.

ಮಹಿಳೆಯರು ಇನ್ನೂ ಎಚ್ಚರವಾಗಿರಬೇಕು. ಮಕ್ಕಳಿಲ್ಲದ ವಿಧವೆಯೊಬ್ಬರು ತಮ್ಮ ಸಂಬಳದಿಂದ ಕೊಂಡ ನಿವೇಶನವು, ಉಯಿಲು ಇಲ್ಲದಿದ್ದರೆ, ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ. ಹೆತ್ತ ತಂದೆತಾಯಿಯ ಸರದಿ ಅವರ ನಂತರ. ಕೊನೆಗಾಲದಲ್ಲಿ ನೋಡಿಕೊಂಡವರು ತವರಿನವರೇ ಆಗಿದ್ದರೂ ಕಾನೂನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಪಿತ್ರಾರ್ಜಿತ ಆಸ್ತಿ

2005ರ ತಿದ್ದುಪಡಿಯ ನಂತರ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹುಟ್ಟಿನಿಂದಲೇ ಹಕ್ಕಿದೆ. ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಇಂಥ ಆಸ್ತಿಯಲ್ಲಿ ಯಜಮಾನರು ತಮ್ಮ ಪಾಲಿಗೆ ಮಾತ್ರ ಉಯಿಲು ಬರೆಯಬಹುದು, ಪೂರ್ತಿ ಆಸ್ತಿಗಲ್ಲ. ದಕ್ಷಿಣ ಕನ್ನಡ, ಉಡುಪಿ ಭಾಗದಲ್ಲಿ ಅಳಿಯಸಂತಾನ ಪದ್ಧತಿಯಿಂದ ಬಂದ ಆಸ್ತಿಗೆ 1956ರ ಕಾಯ್ದೆಯಲ್ಲಿ ವಿಶೇಷ ನಿಯಮಗಳಿವೆ. ಅಂಥವರು ಹಳೆಯ ವಿಭಾಗ ಪತ್ರಗಳನ್ನು ವಕೀಲರಿಗೆ ತೋರಿಸಿಯೇ ಮುಂದುವರಿಯುವುದು ಒಳ್ಳೆಯದು.

ನಾಮಿನಿ ಎಂದರೆ ಮಾಲೀಕರಲ್ಲ

ನಾಮಿನಿ ಹಣ ಪಡೆಯಬಹುದು, ಆದರೆ ಸಾಮಾನ್ಯವಾಗಿ ಅದನ್ನು ವಾರಸುದಾರರ ಪರವಾಗಿಯೇ ಪಡೆಯುತ್ತಾರೆ. ಕಂಪನಿ ಷೇರುಗಳ ವಿಷಯದಲ್ಲೂ ನಾಮಿನಿಯೇ ಮಾಲೀಕರಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿದೆ. ಜೀವವಿಮೆಯಲ್ಲಿ ಹೆಂಡತಿ, ಗಂಡ, ಮಕ್ಕಳು, ತಂದೆತಾಯಿ ನಾಮಿನಿಯಾಗಿದ್ದರೆ 2015ರ ತಿದ್ದುಪಡಿಯ ಪ್ರಕಾರ ನಿಯಮ ಬೇರೆ. ಬ್ಯಾಂಕ್ ಠೇವಣಿಗೆ 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿ ಹಾಕಬಹುದು. ನಾಮಿನಿ ಇರಲಿ, ಅದರ ಜೊತೆಗೆ ಉಯಿಲೂ ಇರಲಿ.

ಉಯಿಲು ಬರೆಯುವ ಬಗೆ

ವಯಸ್ಕರಾದ, ಬುದ್ಧಿ ಸ್ವಸ್ಥವಾಗಿರುವ ಯಾರೇ ಆದರೂ ಉಯಿಲು ಬರೆಯಬಹುದು. ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಕನ್ನಡದಲ್ಲೇ ಬರೆಯಬಹುದು. ಬರೆದವರ ಸಹಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ. ಸಾಕ್ಷಿಗಳು ತಮಗಿಂತ ಕಿರಿಯರಾಗಿದ್ದು, ಆಸ್ತಿಯಲ್ಲಿ ಪಾಲು ಪಡೆಯದವರಾಗಿದ್ದರೆ ಮುಂದೆ ತಕರಾರು ಕಡಿಮೆ. ನೋಂದಣಿ ಕಡ್ಡಾಯವಲ್ಲ. ಆದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದರೆ ಹೆಚ್ಚಿನ ಭದ್ರತೆ ಇರುತ್ತದೆ.

ಸರ್ವೆ ನಂಬರ್, ಖಾತೆ ವಿವರ, ಚಿನ್ನ, ಸಾಲ ಎಲ್ಲವನ್ನೂ ಸ್ಪಷ್ಟವಾಗಿ ಬರೆಯಿರಿ. ಉಯಿಲನ್ನು ಜಾರಿಗೆ ತರುವ ನಂಬಿಕಸ್ಥರೊಬ್ಬರನ್ನು ಹೆಸರಿಸಿ. ಬದುಕಿರುವವರೆಗೂ ಆಸ್ತಿ ನಿಮ್ಮದೇ, ಉಯಿಲನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದೇ ಊರ್ಜಿತ. ದಾನಪತ್ರ ಹಾಗಲ್ಲ. ನೋಂದಣಿಯಾಗಿ ಆಸ್ತಿ ಕೈಬಿಟ್ಟ ಮೇಲೆ ಅದನ್ನು ಹಿಂಪಡೆಯುವುದು ಕಷ್ಟ.

ವ್ಯಾಪಾರ ಮತ್ತು ದಾನ

ಪಾಲುದಾರಿಕೆಯಲ್ಲಿ ವ್ಯಾಪಾರ ಮಾಡುವವರು ತಮ್ಮ ಕರಾರು ಪತ್ರವನ್ನು ಒಮ್ಮೆ ತೆಗೆದು ಓದಬೇಕು. ಬೇರೆ ಷರತ್ತು ಇಲ್ಲದಿದ್ದರೆ ಒಬ್ಬ ಪಾಲುದಾರರ ಮರಣದೊಂದಿಗೆ ಸಂಸ್ಥೆಯೇ ವಿಸರ್ಜನೆಯಾಗುತ್ತದೆ. ಬಸದಿಯ ಜೀರ್ಣೋದ್ಧಾರಕ್ಕೋ, ವಿದ್ಯಾರ್ಥಿನಿಲಯಕ್ಕೋ ಇಂತಿಷ್ಟು ಕೊಡಬೇಕೆಂಬ ಹಿರಿಯರ ಆಸೆಯೂ ಬರವಣಿಗೆಯಲ್ಲಿರಬೇಕು. ಬಾಯಿಮಾತಿನಲ್ಲಿ ಉಳಿದ ಸಂಕಲ್ಪವನ್ನು ನಡೆಸಿಕೊಡುವ ಕಾನೂನಿನ ಹೊಣೆ ಯಾರ ಮೇಲೂ ಇರುವುದಿಲ್ಲ.

ಪರಿಗ್ರಹಕ್ಕೆ ಮಿತಿ ಹಾಕಿಕೊಳ್ಳುವುದು ಶ್ರಾವಕ ಧರ್ಮ. ಏನಿದೆ, ಎಷ್ಟಿದೆ ಎಂದು ಪಟ್ಟಿ ಮಾಡುವುದರಿಂದಲೇ ಅದು ಶುರುವಾಗಬೇಕು. ಉಯಿಲಿನ ಮೊದಲ ಕೆಲಸವೂ ಅದೇ. ಈ ವಾರ ಗಂಡ ಹೆಂಡತಿ ಕೂತು ಆ ಪಟ್ಟಿಯೊಂದನ್ನು ಬರೆಯಿರಿ, ಕಾಗದಪತ್ರ ಎಲ್ಲಿವೆ ಎಂದು ಮಕ್ಕಳಿಗೆ ತಿಳಿಸಿ, ನಂತರ ವಕೀಲರನ್ನು ಕಾಣಿ. ಅಣ್ಣತಮ್ಮಂದಿರು, ಅಕ್ಕತಂಗಿಯರು ಮುಂದೆಯೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕೆಂಬ ಆಸೆ ಇರುವವರು ಈ ಕೆಲಸವನ್ನು ಮುಂದೂಡಬಾರದು.