ಖಾಸಗಿ ಹಿಡುವಳಿಯಲ್ಲಿ ವಿರಳ ಸಸ್ಯಗಳ ಸಂರಕ್ಷಣೆ: ರಾಮಪತ್ರೆ ಜಡ್ಡಿಗಳು

ಸಸ್ಯಸಂರಕ್ಷಣೆಯೆಂದೊಡನೆ ರಕ್ಷಿತಾರಣ್ಯದ ಚಿತ್ರವೇ ಮನಸ್ಸಿಗೆ ಬರುವುದು ಸಹಜ. ಆದರೆ ಯಾವ ಸಸ್ಯವೂ ಸರ್ವೆಯ ಗಡಿಕಲ್ಲನ್ನು ನೋಡಿ ಬೆಳೆಯುವುದಿಲ್ಲ. ಉತ್ತರ ಕನ್ನಡ ಜಿಲ್ಲೆಯ ಕಣಿವೆಗಳಲ್ಲಿ, ವರ್ಷವಿಡೀ ನೀರು ಜಿನುಗುವ ಜೌಗುನೆಲದಲ್ಲಿ, ಜಾಯಿಕಾಯಿಯ ಕುಟುಂಬಕ್ಕೆ ಸೇರಿದ ಮರಗಳು ಮಂಡಿಬೇರು, ಊರುಬೇರುಗಳನ್ನು ಚಾಚಿ ನಿಂತಿರುತ್ತವೆ. ಇವೇ ರಾಮಪತ್ರೆ ಜಡ್ಡಿಗಳು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಹೆಸರನ್ನೇ ಪಡೆದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರವು ಶಾಸ್ತ್ರಕ್ಕೆ ಪರಿಚಿತವಾದದ್ದು 2000ದಲ್ಲಿ. ಇಂತಹ ಜೌಗುಗಳು ಅನೇಕ ಕಡೆ ಗದ್ದೆಗಳೂ ಅಡಕೆ ತೋಟಗಳೂ ಆಗಿವೆ. ಉಳಿದ ಕೆಲವು ತೋಟದ ಅಂಚಿಗೋ ಸೊಪ್ಪಿನ ಬೆಟ್ಟಕ್ಕೋ ಹೊಂದಿಕೊಂಡಿವೆ. ಬೆಟ್ಟದ ನೆಲ ಸರ್ಕಾರದ್ದಾದರೂ ಸೊಪ್ಪು ಕಡಿಯುವ ಹಕ್ಕು ತೋಟಿಗನದು. ಆದಕಾರಣ ಅಲ್ಲಿಯೂ ಆತನ ಕತ್ತಿಯೇ ನಿರ್ಣಾಯಕ.

ಈ ಕುಟುಂಬದ ಮರಗಳಲ್ಲಿ ಗಂಡುಹೂವು, ಹೆಣ್ಣುಹೂವುಗಳು ಸಾಮಾನ್ಯವಾಗಿ ಬೇರೆ ಬೇರೆ ಮರಗಳಲ್ಲಿರುತ್ತವೆ. ಫಲ ಕೊಡದ ಮರವೆಂದು ಒಬ್ಬನು ಗಂಡುಮರವನ್ನು ಕಡಿದರೆ, ನೆರೆಯವನ ಹೆಣ್ಣುಮರವೂ ಬಂಜೆಯಾದೀತು. ಎಂದರೆ ಒಬ್ಬ ಹಿಡುವಳಿದಾರನ ಸಮ್ಮತಿ ಸಾಲದು. ಕಣಿವೆಯ ನಾಲ್ಕಾರು ಮನೆಗಳು ಒಪ್ಪಬೇಕು. ರಾಮಪತ್ರೆಗೆ ಪೇಟೆಯಲ್ಲಿ ಬೆಲೆಯುಂಟು. ಕಾಯಿ ಬಲಿಯುವ ಮೊದಲೇ ಎಲ್ಲವನ್ನೂ ಕೊಯ್ದರೆ ಮಂಗಟ್ಟೆ ಹಕ್ಕಿಗೂ ಉಳಿಯದು, ನೆಲಕ್ಕೂ ಬೀಳದು.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮವು ಮರ ಕಡಿಯಲು ಅನುಮತಿ ಬೇಕೆನ್ನುತ್ತದೆ. ಸೊಪ್ಪು ಸವರುವಾಗ ಕತ್ತಿಗೆ ಸಿಕ್ಕುವ ಸಸಿಗೆ ಅದರಿಂದ ದೊರೆಯುವ ರಕ್ಷಣೆ ಅಲ್ಪ. ಅಷ್ಟೇ ಅಲ್ಲ, ಅಪೂರ್ವವೆಂದು ಬರೆದುಕೊಂಡು ಹೋದ ಮರದ ಹಿಂದೆಯೇ ಭೂಮಿಯೂ ಕೈಬಿಟ್ಟೀತೆಂಬ ಶಂಕೆ ರೈತನಿಗೆ ಹುಟ್ಟುವುದು ಅಸ್ವಾಭಾವಿಕವಲ್ಲ. ಅಂತಹ ಶಂಕೆಯುಳ್ಳವನು ಸಂಶೋಧಕನಿಗೆ ದಾರಿ ತೋರಿಸಲಾರನು. ಹೆಸರುಪಟ್ಟಿಯನ್ನು ಹಿಡಿದು ಹೋಗುವ ನಮ್ಮವರು ಇದನ್ನು ಮೊಂಡುತನವೆಂದು ಎಣಿಸುವುದು ತಪ್ಪೆಂದೇ ನನ್ನ ಅಭಿಪ್ರಾಯ. ಟಿಪ್ಪಣಿ ಬರೆಯುವ ಮುನ್ನ ಅದು ಯಾರ ಕೈಸೇರುವುದೆಂಬುದನ್ನು ಆತನಿಗೆ ತಿಳಿಸಬೇಕು.

ಮಾತಿಗೆ ಮೊದಲಿಡಲು ನೀರೇ ಉತ್ತಮ ವಿಷಯ. ಜಡ್ಡಿಯು ಮಳೆನೀರನ್ನು ಹಿಡಿದು ಬೇಸಗೆಯಲ್ಲಿ ಮೆಲ್ಲಮೆಲ್ಲನೆ ಬಿಡುತ್ತದೆ. ಕೆಳಗಣ ತೋಟದ ಹಳ್ಳಕ್ಕೆ ಅದೇ ಆಧಾರ. ಇದನ್ನು ತೋಟಿಗನಿಗೆ ನಾವು ಕಲಿಸಬೇಕಾದುದಿಲ್ಲ. ಅನಂತರ ಕೇಳಬೇಕಾದುದು ಸ್ವಲ್ಪವೇ: ಗಂಡುಮರಗಳಿಗೆ ಗುರುತು, ಒಂದೆರಡು ಮರಗಳ ಕಾಯಿ ಕೊಯ್ಯದೆ ಬಿಡುವುದು, ಸಸಿಗಳ ಸುತ್ತ ಕತ್ತಿ ಆಡಿಸದಿರುವುದು. ಈ ಬೀಜಗಳು ಒಣಗಿದರೆ ಸಾಯುತ್ತವೆ. ಚೀಲದಲ್ಲಿ ಕಟ್ಟಿ ವಿಶ್ವವಿದ್ಯಾನಿಲಯಕ್ಕೆ ತಂದಿರಿಸುವಂತಿಲ್ಲ. ಆದುದರಿಂದ ಸಸಿಮಡಿಯು ಆ ತೋಟದ ತಂಪುಮೂಲೆಯಲ್ಲೇ, ಮನೆಯವರ ಕಣ್ಣಳತೆಯಲ್ಲೇ ಆಗಬೇಕು.