ದೋಣಿ ಹೊತ್ತ ಟ್ರೈಲರ್: ಎಳೆಯುವುದಕ್ಕಿಂತ ನಿಲ್ಲಿಸುವುದು ಮುಖ್ಯ

(ಮುಂಗಾರು ಪೂರ್ವಸಿದ್ಧತೆ: ನದಿತೀರದ ಗ್ರಾಮ ಪಂಚಾಯಿತಿಗಳ ಸದಸ್ಯರ ತಿಳಿವಳಿಕೆಗಾಗಿ)

ಕೃಷ್ಣಾ, ದೂಧಗಂಗಾ, ವೇದಗಂಗಾ, ಘಟಪ್ರಭಾ, ಮಲಪ್ರಭಾ ಮತ್ತು ಭೀಮಾ ತೀರದ ಗ್ರಾಮಗಳಿಗೆ ಪ್ರವಾಹ ಬರಲು ಆ ಗ್ರಾಮಗಳಲ್ಲಿಯೇ ಮಳೆ ಸುರಿಯಬೇಕೆಂದಿಲ್ಲ. ಸಹ್ಯಾದ್ರಿಯ ಮೇಲ್ಭಾಗದಲ್ಲಿ ಬಿದ್ದ ಮಳೆ ಮತ್ತು ಜಲಾಶಯಗಳಿಂದ ಬಿಟ್ಟ ನೀರು ಕೆಲವು ಗಂಟೆಗಳ ಅಥವಾ ಒಂದೆರಡು ದಿನಗಳ ತರುವಾಯ ಕೆಳಭಾಗದ ಊರುಗಳನ್ನು ತಲುಪುತ್ತದೆ. ಚಿಕ್ಕೋಡಿ ಭಾಗದ ಕಲ್ಲೋಳ–ಯಡೂರ ಸೇತುವೆಯಂತಹ ತಗ್ಗು ಸೇತುವೆಗಳು ಮೊದಲು ಮುಳುಗುತ್ತವೆ. 2019ರ ಆಗಸ್ಟ್ ತಿಂಗಳಿನಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಜನರು ಕಂಡಂತೆ, ರಸ್ತೆ ಸಂಪರ್ಕ ಕಡಿದ ಮೇಲೆ ದೋಣಿಯೇ ಕೊನೆಯ ಆಸರೆಯಾಗುತ್ತದೆ.

ಆದರೆ ಈ ದೋಣಿ ಗ್ರಾಮಕ್ಕೆ ಬರುವುದು ನದಿಯ ಮಾರ್ಗವಾಗಿ ಅಲ್ಲ, ರಸ್ತೆಯ ಮಾರ್ಗವಾಗಿ. ತಾಲ್ಲೂಕು ಕೇಂದ್ರದಿಂದ ಹೊರಟು, ಜೀಪು ಮಾದರಿಯ ವಾಹನದ ಹಿಂದೆ ಸಣ್ಣ ಟ್ರೈಲರ್ ಮೇಲೆ ಕುಳಿತು, ಮಳೆಯಲ್ಲಿ ನೆನೆದ ಗ್ರಾಮೀಣ ರಸ್ತೆಗಳನ್ನು ದಾಟಿ ಅದು ನೀರಿನ ಅಂಚನ್ನು ಸೇರಬೇಕು. ದೋಣಿ ದಾರಿಯಲ್ಲಿಯೇ ಮಗುಚಿದರೆ ಅಥವಾ ಕೆಸರಿನಲ್ಲಿ ಹೂತುಹೋದರೆ ಅತ್ತ ದಡದಲ್ಲಿ ಸಿಲುಕಿದವರಿಗೆ ಅದು ಇಲ್ಲದಂತೆಯೇ ಸರಿ. ಇದನ್ನು ತಪ್ಪಿಸುವ ಕ್ರಮಗಳಲ್ಲಿ ಹೆಚ್ಚಿನವು ಮಳೆಗಾಲಕ್ಕೆ ಮೊದಲೇ ಆಗಬೇಕಾದವು. ಅವುಗಳಲ್ಲಿ ಕೆಲವು ಗ್ರಾಮ ಪಂಚಾಯಿತಿಯ ಕೈಯಲ್ಲಿಯೇ ಇವೆ.

1. ತೂಕದ ಲೆಕ್ಕ

ನಾಲ್ಕೂ ಚಕ್ರಗಳಿಗೆ ಚಾಲನೆ ಇರುವ ಥಾರ್, ಗೂರ್ಖಾ, ಬೊಲೆರೊ ಕ್ಯಾಂಪರ್ ಮುಂತಾದ ವಾಹನಗಳು ಏನನ್ನಾದರೂ ಎಳೆಯಬಲ್ಲವು ಎಂಬ ಭಾವನೆ ಸಾಮಾನ್ಯವಾಗಿದೆ. ಎಂಜಿನ್ನಿನ ಶಕ್ತಿಯನ್ನು ಮಾತ್ರ ನೋಡಿದಾಗ ಹಾಗೆನ್ನಿಸುವುದು ಸಹಜ. ಆದರೆ ಎಳೆಯಬಹುದಾದ ತೂಕವನ್ನು ನಿರ್ಧರಿಸುವುದು ಎಂಜಿನ್ ಒಂದೇ ಅಲ್ಲ. ಬ್ರೇಕು, ಚಾಸಿ, ಟೈರುಗಳ ಹಿಡಿತ ಮತ್ತು ಕೊಂಡಿಯ ಬಲ ಇವೆಲ್ಲವೂ ಸೇರಿ ನಿರ್ಧರಿಸುತ್ತವೆ. ವಾಹನ ತಯಾರಕರು ಕೈಪಿಡಿಯಲ್ಲಿ ಸೂಚಿಸಿದ ಮಿತಿಯೇ ಅಂತಿಮ. ಅಂತಹ ಮಿತಿಯನ್ನು ಸೂಚಿಸದಿದ್ದಲ್ಲಿ ಆ ವಾಹನವನ್ನು ಈ ಕಾರ್ಯಕ್ಕೆ ಬಳಸದಿರುವುದೇ ಯುಕ್ತ.

ಉದಾಹರಣೆಗೆ ಒಂದು ಸಾಧಾರಣ ಫೈಬರ್ ದೋಣಿಯ ಲೆಕ್ಕವನ್ನು ನೋಡಬಹುದು. ದೋಣಿ 350 ಕೆ.ಜಿ., ಹಿಂಬದಿಯ ಮೋಟರ್ 90 ಕೆ.ಜಿ., ಇಂಧನ 40 ಕೆ.ಜಿ., ಜೀವರಕ್ಷಕ ಕವಚ, ಹಗ್ಗ, ಲಂಗರು ಮೊದಲಾದವು 70 ಕೆ.ಜಿ., ಟ್ರೈಲರ್ 250 ಕೆ.ಜಿ. ಎಂದಿಟ್ಟುಕೊಂಡರೆ ಒಟ್ಟು 800 ಕೆ.ಜಿ. ಆಗುತ್ತದೆ. ದೋಣಿಯ ತೂಕವನ್ನು ಮಾತ್ರ ಕೇಳಿ ತೃಪ್ತರಾದವರಿಗೆ ಅದರ ಎರಡು ಪಟ್ಟಿಗೂ ಮೀರಿದ ಭಾರ ಹಿಂದೆ ಬರುತ್ತಿದೆ ಎಂಬುದು ತಿಳಿಯದೇ ಹೋಗುತ್ತದೆ. ದೋಣಿಯಲ್ಲಿ ಮಳೆನೀರು ನಿಂತಿದ್ದರೆ ಪ್ರತಿ 100 ಲೀಟರಿಗೆ ಇನ್ನೂ 100 ಕೆ.ಜಿ. ಸೇರುತ್ತದೆ. ಸಕ್ಕರೆ ಕಾರ್ಖಾನೆ ಅಥವಾ ಎಪಿಎಂಸಿಯ ವೇ ಬ್ರಿಡ್ಜ್ ಮೇಲೆ ಟ್ರೈಲರನ್ನು ಒಮ್ಮೆ ನಿಲ್ಲಿಸಿ ತೂಕ ಮಾಡಿಸಿ, ಚೀಟಿಯನ್ನು ಕಡತದಲ್ಲಿಟ್ಟರೆ ಈ ಸಂದೇಹ ಉಳಿಯುವುದಿಲ್ಲ.

2. ನಿಲ್ಲಿಸುವ ದೂರ

ಬ್ರೇಕ್ ಇಲ್ಲದ ಟ್ರೈಲರನ್ನು ನಿಲ್ಲಿಸುವ ಪೂರ್ಣ ಹೊಣೆ ಮುಂದಿನ ವಾಹನದ ಬ್ರೇಕಿನ ಮೇಲೆ ಬೀಳುತ್ತದೆ. ಸಿಬ್ಬಂದಿ ಸಹಿತ 2,000 ಕೆ.ಜಿ. ತೂಗುವ ಜೀಪು ಗಂಟೆಗೆ 60 ಕಿ.ಮೀ. ವೇಗದಲ್ಲಿ ಒಣ ರಸ್ತೆಯ ಮೇಲೆ ಚಲಿಸುತ್ತಿದೆ ಎಂದು ಭಾವಿಸೋಣ. ಅಡ್ಡ ಬಂದ ಜಾನುವಾರನ್ನು ಕಂಡು ಚಾಲಕನು ಬ್ರೇಕ್ ಒತ್ತಲು ಒಂದು ಸೆಕೆಂಡ್ ತೆಗೆದುಕೊಂಡರೂ, ಟ್ರೈಲರ್ ಇಲ್ಲದಿದ್ದಾಗ ಜೀಪು ಸುಮಾರು 40 ಮೀಟರಿನೊಳಗೆ ನಿಲ್ಲುತ್ತದೆ. ಅದೇ ಬ್ರೇಕಿನ ಬಲಕ್ಕೆ ಹಿಂದಿನ 800 ಕೆ.ಜಿ. ಸೇರಿದಾಗ ಈ ದೂರ ಸುಮಾರು 49 ಮೀಟರಿಗೆ ಏರುತ್ತದೆ. ರಸ್ತೆ ಒದ್ದೆಯಾಗಿದ್ದರೆ ಇನ್ನೂ ಹೆಚ್ಚು. ವೇಗವನ್ನು 40 ಕಿ.ಮೀ.ಗೆ ಇಳಿಸಿದರೆ ಟ್ರೈಲರ್ ಸಹಿತವೇ ಸುಮಾರು 26 ಮೀಟರಿನಲ್ಲಿ ನಿಲ್ಲಬಹುದು. ಚಲನೆಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದೇ ಇದಕ್ಕೆ ಕಾರಣ. ತುರ್ತು ಸಂದರ್ಭದಲ್ಲಿ 20 ಕಿ.ಮೀ. ದೂರವನ್ನು 60ರ ವೇಗದ ಬದಲು 40ರ ವೇಗದಲ್ಲಿ ಕ್ರಮಿಸಿದರೆ ತಡವಾಗುವುದು ಕೇವಲ 10 ನಿಮಿಷ.

ಬ್ರಿಟನ್ನಿನಲ್ಲಿ ಬ್ರೇಕ್ ಇಲ್ಲದ ಟ್ರೈಲರಿನ ಒಟ್ಟು ತೂಕ 750 ಕೆ.ಜಿ. ಅಥವಾ ಎಳೆಯುವ ವಾಹನದ ಖಾಲಿ ತೂಕದ ಅರ್ಧ, ಇವೆರಡರಲ್ಲಿ ಕಡಿಮೆಯಾದುದನ್ನು ಮೀರಬಾರದೆಂಬ ನಿಯಮವಿದೆ. ಅದು ನಮ್ಮ ಕಾನೂನಲ್ಲವಾದರೂ ಒಳ್ಳೆಯ ಅಳತೆಗೋಲು. ಮೇಲಿನ 800 ಕೆ.ಜಿ. ಆ ಮಿತಿಯನ್ನು ಈಗಾಗಲೇ ದಾಟಿದೆ. ಆದ್ದರಿಂದ ದೋಣಿಯ ಟ್ರೈಲರ್ ಖರೀದಿಯ ಪ್ರಸ್ತಾವನೆ ಬಂದಾಗ, ಜೀಪು ನಿಧಾನವಾದೊಡನೆ ಟ್ರೈಲರ್ ಮುಂದಕ್ಕೆ ಒತ್ತುವ ಬಲದಿಂದಲೇ ಕೆಲಸ ಮಾಡುವ ಸ್ವಂತ ಬ್ರೇಕು ಇರುವ ಟ್ರೈಲರನ್ನು ಕೇಳುವುದು ಸೂಕ್ತ.

3. ಮೂಕಿಯ ಮೇಲಿನ ಭಾರ

ಎತ್ತಿನ ಗಾಡಿ ಹೂಡಿದವರಿಗೆ ಈ ವಿಷಯವನ್ನು ಹೊಸದಾಗಿ ಹೇಳಬೇಕಿಲ್ಲ. ಹೇರು ಹಿಂದಕ್ಕೆ ಸರಿದರೆ ಮೂಕಿ ಮೇಲೆದ್ದು ನೊಗ ಎತ್ತುಗಳ ಕೊರಳನ್ನು ಮೇಲಕ್ಕೆಳೆಯುತ್ತದೆ. ಮುಂದಕ್ಕೆ ಸರಿದರೆ ನೊಗದ ಭಾರಕ್ಕೆ ಎತ್ತುಗಳು ಬಳಲುತ್ತವೆ. ಟ್ರೈಲರಿನ ವಿಷಯದಲ್ಲಿಯೂ ಇದೇ ನ್ಯಾಯ ಅನ್ವಯಿಸುತ್ತದೆ. ಹಿಂದೆ ಭಾರ ಹೆಚ್ಚಾದರೆ ಟ್ರೈಲರ್ ವೇಗದಲ್ಲಿ ಬಾಲದಂತೆ ಅತ್ತಿತ್ತ ತೂಗಲಾರಂಭಿಸುತ್ತದೆ. ಆ ತೂಗಾಟ ಬೆಳೆದರೆ ಮುಂದಿನ ವಾಹನವನ್ನೂ ಎಳೆದು ಉರುಳಿಸಬಲ್ಲುದು. ಮುಂದೆ ಭಾರ ಅತಿಯಾದರೆ ಜೀಪಿನ ಹಿಂಭಾಗ ಕುಗ್ಗಿ, ಮುಂದಿನ ಚಕ್ರಗಳ ಹಿಡಿತ ಕಡಿಮೆಯಾಗಿ ಸ್ಟೇರಿಂಗ್ ಹಗುರವಾಗುತ್ತದೆ.

ದೋಣಿಯ ಟ್ರೈಲರಿನಲ್ಲಿ ಒಟ್ಟು ತೂಕದ ಶೇ. 5ರಿಂದ 10ರಷ್ಟು ಭಾರ ಕೊಂಡಿಯ ಮೇಲಿರಬೇಕೆಂಬುದು ರೂಢಿಯಲ್ಲಿರುವ ಮಾರ್ಗಸೂಚಿ. 800 ಕೆ.ಜಿ.ಗೆ ಇದು 40ರಿಂದ 80 ಕೆ.ಜಿ. ಆಗುತ್ತದೆ. ಇದು ಜೀಪಿನ ಕೊಂಡಿಗೆ ನಿಗದಿಯಾದ ಭಾರವನ್ನೂ ಮೀರಬಾರದು. ಸಮತಟ್ಟಾದ ನೆಲದಲ್ಲಿ ಟ್ರೈಲರಿನ ಮೂತಿಯನ್ನು ಕೊಂಡಿಯ ಎತ್ತರಕ್ಕೆ ಸಮನಾಗಿ ತೂಕದ ಯಂತ್ರದ ಮೇಲೆ ಆನಿಸಿ ಇದನ್ನು ಅಳೆಯಬಹುದು. ಮೋಟರ್ ಸದಾ ದೋಣಿಯ ಹಿಂಬದಿಯಲ್ಲಿಯೇ ಇರುವುದರಿಂದ ಭಾರ ಸಹಜವಾಗಿ ಹಿಂದಕ್ಕೆ ಜಾರುತ್ತದೆ. ಇಂಧನದ ಡಬ್ಬಿ, ಲಂಗರು, ಹಗ್ಗಗಳನ್ನು ಮುಂಭಾಗಕ್ಕೆ ಸರಿಸಿ ಕಟ್ಟುವುದು ಅಥವಾ ದೋಣಿಯನ್ನೇ ಸ್ವಲ್ಪ ಮುಂದಕ್ಕೆ ತರುವುದು ಇದಕ್ಕೆ ಪರಿಹಾರ.

ಟ್ರೈಲರ್ ತೂಗಾಡಲಾರಂಭಿಸಿದಾಗ ಚಾಲಕನು ಗಾಬರಿಯಿಂದ ಬ್ರೇಕ್ ಒತ್ತಬಾರದು. ವೇಗ ಹೆಚ್ಚಿಸಿ ಸರಿಪಡಿಸಲು ಪ್ರಯತ್ನಿಸಲೂಬಾರದು. ಸ್ಟೇರಿಂಗನ್ನು ನೇರವಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ವಾಹನ ತಾನಾಗಿ ನಿಧಾನವಾಗಲು ಬಿಡಬೇಕು. ಅನಂತರ ವಾಹನವನ್ನು ನಿಲ್ಲಿಸಿ ಭಾರವನ್ನು ಮರುಹೊಂದಿಸಬೇಕು.

4. ಕೊಂಡಿ, ಸರಪಳಿ, ದೀಪ

ಕೊಂಡಿಯನ್ನು ಚಾಸಿಗೆ ಬಿಗಿದಿರಬೇಕೇ ಹೊರತು ಬಂಪರಿಗೆ ಅಲ್ಲ. ಕೊಂಡಿಯ ಗುಂಡು ಮತ್ತು ಅದನ್ನು ಮುಚ್ಚುವ ಟ್ರೈಲರಿನ ಬಟ್ಟಲು ಒಂದೇ ಅಳತೆಯವಾಗಿರಬೇಕು. 50 ಮಿ.ಮೀ. ಗುಂಡಿಗೆಂದು ಮಾಡಿದ ಬಟ್ಟಲನ್ನು ಅದಕ್ಕಿಂತ ಕೆಲವೇ ಮಿ.ಮೀ. ಚಿಕ್ಕದಾದ ಗುಂಡಿನ ಮೇಲೆ ಕೂರಿಸಿದರೆ, ನಿಂತಾಗ ಸರಿಯಾಗಿಯೇ ಕಾಣುತ್ತದೆ. ಮೊದಲ ದೊಡ್ಡ ಗುಂಡಿಯಲ್ಲಿ ಕಳಚಿಕೊಳ್ಳುತ್ತದೆ. ಬೀಗ ಹಾಕಿದ ಮೇಲೆ ಟ್ರೈಲರಿನ ಮೂತಿಯನ್ನು ಮೇಲಕ್ಕೆತ್ತಿ ನೋಡಿದರೆ ಜೀಪಿನ ಹಿಂಭಾಗವೂ ಏಳಬೇಕು.

ಎರಡು ಸುರಕ್ಷತಾ ಸರಪಳಿಗಳನ್ನು ಮೂತಿಯ ಕೆಳಗೆ ಪರಸ್ಪರ ಅಡ್ಡಹಾಯುವಂತೆ ಕಟ್ಟಬೇಕು. ಕೊಂಡಿ ಕಳಚಿದರೂ ಮೂತಿ ನೆಲಕ್ಕೆ ಕುಕ್ಕದೆ ಸರಪಳಿಗಳ ತೊಟ್ಟಿಲಿನಲ್ಲಿ ನಿಲ್ಲುತ್ತದೆ. ಟ್ರೈಲರಿನ ಹಿಂದೆ ಬ್ರೇಕ್ ದೀಪ, ತಿರುವಿನ ದೀಪ ಮತ್ತು ಪ್ರತಿಫಲಕ ಇರಬೇಕು. ಮೋಟರ್ ವಾಹನ ಕಾಯ್ದೆ, 1988ರ ಪ್ರಕಾರ ಟ್ರೈಲರ್ ಕೂಡ ಒಂದು ವಾಹನವೇ ಆಗಿದ್ದು, ಅದಕ್ಕೆ ನೋಂದಣಿ ಅಗತ್ಯ. ವಿಮೆ ಟ್ರೈಲರಿಗೂ ಅನ್ವಯಿಸುತ್ತದೆಯೇ ಎಂಬುದನ್ನು ಮೊದಲೇ ಪರಿಶೀಲಿಸಬೇಕು. ಟ್ರೈಲರಿನ ಮೇಲಿರುವ ದೋಣಿಯಲ್ಲಿ ಯಾವ ಕಾರಣಕ್ಕೂ ಜನರನ್ನು ಕೂರಿಸಿ ಸಾಗಿಸಬಾರದು.

5. ನೀರಿಗೆ ಇಳಿಸುವ ಸ್ಥಳ

ಗ್ರಾಮ ಪಂಚಾಯಿತಿಯ ಪಾತ್ರ ಅತ್ಯಂತ ಮಹತ್ವದ್ದಾಗುವುದು ಇಲ್ಲಿ. ದೋಣಿಯನ್ನು ಮರಳಿ ಮೇಲೆ ತರುವಾಗ 8 ಅಡಿಗೆ 1 ಅಡಿ ಏರುವ ಇಳಿಜಾರಿನಲ್ಲಿ ಜೀಪು ಮತ್ತು ಟ್ರೈಲರ್ ಸೇರಿ 2,800 ಕೆ.ಜಿ. ಭಾರ ಮೇಲೇರಬೇಕು. ಏರಿಗೆಂದೇ ಸುಮಾರು 350 ಕೆ.ಜಿ. ಸೆಳೆತ ಬೇಕು. ನೆಲ ಮೆತ್ತನೆಯ ಕೆಸರಾಗಿದ್ದರೆ ಚಕ್ರ ಉರುಳಲು ಇನ್ನೂ 280 ಕೆ.ಜಿ.ಯಷ್ಟು, ಒಟ್ಟು 630 ಕೆ.ಜಿ. ಬೇಕಾಗುತ್ತದೆ. ಅಂತಹ ಕೆಸರಿನಲ್ಲಿ ನಾಲ್ಕೂ ಚಕ್ರಗಳ ಚಾಲನೆಯಿದ್ದರೂ ಟೈರುಗಳಿಗೆ ದೊರೆಯುವ ಹಿಡಿತ ಸುಮಾರು 600 ಕೆ.ಜಿ. ಮಾತ್ರ, ಎರಡು ಚಕ್ರಗಳ ಚಾಲನೆಯಿದ್ದರೆ ಅದರ ಅರ್ಧ. ಅಂದರೆ ಎಂಜಿನ್ ಎಷ್ಟೇ ಬಲವಾಗಿರಲಿ, ಚಕ್ರ ನಿಂತಲ್ಲಿಯೇ ಸುತ್ತುತ್ತದೆ.

ಅದೇ ಇಳಿಜಾರಿಗೆ ಜಲ್ಲಿ ಹಾಕಿ ಅದುಮಿದ್ದರೆ ಬೇಕಾಗುವ ಸೆಳೆತ ಸುಮಾರು 435 ಕೆ.ಜಿ.ಗೆ ಇಳಿಯುತ್ತದೆ; ನಾಲ್ಕು ಚಕ್ರಗಳ ಹಿಡಿತ 1,000 ಕೆ.ಜಿ.ಗೆ ಏರುತ್ತದೆ. ಇವು ಅಂದಾಜು ಅಂಕಿಗಳಾದರೂ ಒಂದು ಸಂಗತಿ ಸ್ಪಷ್ಟವಾಗುತ್ತದೆ: ದುಬಾರಿ ವಾಹನ ನೀಗಿಸಲಾಗದ ಕೊರತೆಯನ್ನು ಕೆಲವು ಲೋಡು ಜಲ್ಲಿ ನೀಗಿಸಬಲ್ಲುದು.

ಪ್ರವಾಹದಲ್ಲಿ ನೀರಿನ ಅಂಚು ದಿನದಿಂದ ದಿನಕ್ಕೆ ಬದಲಾಗುವುದರಿಂದ ಒಂದೇ ಸ್ಥಳವನ್ನು ನಂಬುವಂತಿಲ್ಲ. ಹಿಂದಿನ ಪ್ರವಾಹಗಳ ಗುರುತುಗಳನ್ನು ಹಿರಿಯರಿಂದ ಕೇಳಿ ತಿಳಿದು, ಕಡಿಮೆ, ಮಧ್ಯಮ ಮತ್ತು ಅಧಿಕ ಮಟ್ಟಗಳಿಗೆ ಒಂದೊಂದರಂತೆ ಮೂರು ಸ್ಥಳಗಳನ್ನು ಗುರುತಿಸುವುದು ಉತ್ತಮ. ಅಲ್ಲಿ ಸೆಳವು ಕಡಿಮೆಯಿರಬೇಕು, ಮೇಲೆ ವಿದ್ಯುತ್ ತಂತಿ ಹಾದುಹೋಗಿರಬಾರದು, ಜೀಪು ಮತ್ತು ಟ್ರೈಲರ್ ತಿರುಗಲು ಸಾಕಷ್ಟು ಜಾಗವಿರಬೇಕು.

ಇಳಿಸುವ ಕ್ರಮ ಹೀಗಿರಲಿ:

ಅ) ನೀರಿನ ಅಂಚಿಗೆ ಬರುವ ಮೊದಲೇ ದೋಣಿಯ ತಳದ ಬಿರಡೆ ಬಿಗಿಯಾಗಿದೆಯೇ ಎಂದು ನೋಡಬೇಕು, ದೀಪದ ತಂತಿಯ ಪ್ಲಗ್ ಬಿಚ್ಚಬೇಕು, ದೂರದಿಂದ ಬಂದ ಟ್ರೈಲರಿನ ಬೇರಿಂಗುಗಳು ತಣಿಯಲು ಸ್ವಲ್ಪ ಹೊತ್ತು ಬಿಡಬೇಕು. ಕಾದ ಬೇರಿಂಗ್ ತಣ್ಣೀರಿಗಿಳಿದರೆ ನೀರನ್ನು ಒಳಕ್ಕೆಳೆದುಕೊಂಡು ಬೇಗ ಕೆಡುತ್ತದೆ.

ಆ) ದೋಣಿಯ ಹಗ್ಗದ ತುದಿ ದಡದಲ್ಲಿರುವ ಒಬ್ಬರ ಕೈಯಲ್ಲಿರಬೇಕು. ಹಿಂದಿನ ಪಟ್ಟಿಗಳನ್ನು ಇಳಿಸುವ ಸ್ಥಳದಲ್ಲಿ ಬಿಚ್ಚಿ, ಮುಂದಿನ ಕೊಕ್ಕೆಯನ್ನು ಕೊನೆಯಲ್ಲಿ ಬಿಚ್ಚಬೇಕು.

ಇ) ಹಿಮ್ಮುಖ ಚಾಲನೆಯಲ್ಲಿ ಸ್ಟೇರಿಂಗಿನ ಕೆಳಭಾಗವನ್ನು ಹಿಡಿದರೆ, ಕೈ ಸರಿಸಿದ ಕಡೆಗೇ ಟ್ರೈಲರ್ ತಿರುಗುತ್ತದೆ. ಚಾಲಕನಿಗೆ ಸನ್ನೆ ಮಾಡುವವರು ಒಬ್ಬರೇ ಇರಬೇಕು. ಹತ್ತು ಜನ ಕೂಗಿದರೆ ಚಾಲಕನಿಗೆ ಯಾವುದೂ ಕೇಳಿಸುವುದಿಲ್ಲ.

ಈ) ವಾಹನ ನಿಂತೊಡನೆ ಕೈಬ್ರೇಕ್ ಎಳೆದು, ಗಿಯರಿನಲ್ಲಿ ಬಿಟ್ಟು, ಚಕ್ರಗಳಿಗೆ ಕಲ್ಲು ಅಥವಾ ಮರದ ತುಂಡು ಕೊಡಬೇಕು. ಟ್ರೈಲರ್ ಹಾಗೂ ಜೀಪಿನ ನಡುವೆ ಯಾರೂ ನಿಲ್ಲಬಾರದು.

ಉ) ಮೇಲೇರುವಾಗ ನಾಲ್ಕು ಚಕ್ರಗಳ ಲೋ ಗಿಯರ್ ಬಳಸಿ, ಒಂದೇ ಸಮನೆ ನಿಧಾನವಾಗಿ ಚಲಿಸಬೇಕು. ಒಣ ಡಾಂಬರು ರಸ್ತೆ ಸೇರಿದ ಮೇಲೆ ಎರಡು ಚಕ್ರಗಳ ಚಾಲನೆಗೆ ಮರಳಬೇಕು.

6. ಹರಿಯುವ ನೀರಿನಲ್ಲಿ ಸಾಹಸ ಬೇಡ

ಎತ್ತರದ ಜೀಪು, ದೊಡ್ಡ ಟೈರು, ಜೊತೆಗೆ ಹಿಂದೆ ದೋಣಿ ಇದೆ ಎಂಬ ಧೈರ್ಯದಿಂದ ಮುಳುಗಿದ ಸೇತುವೆಯನ್ನು ದಾಟುವ ಪ್ರಯತ್ನ ಪ್ರಾಣಾಂತಿಕ. ಸುಮಾರು 30 ಸೆಂ.ಮೀ. ಆಳದ ಹರಿಯುವ ನೀರು ಸಣ್ಣ ಕಾರನ್ನು ತೇಲಿಸಬಲ್ಲುದು, 60 ಸೆಂ.ಮೀ. ನೀರು ಜೀಪು ಮಾದರಿಯ ಹೆಚ್ಚಿನ ವಾಹನಗಳನ್ನೂ ಕೊಚ್ಚಿಕೊಂಡು ಹೋಗಬಲ್ಲುದು. ಹಿಂದಿರುವ ದೋಣಿ ತೇಲಲು ತೊಡಗಿದರೆ ಟ್ರೈಲರನ್ನೂ ಎತ್ತಿ, ವಾಹನವನ್ನು ಸೆಳವಿನ ಕಡೆಗೆ ಎಳೆಯುತ್ತದೆ. ನೀರಿನ ಕೆಳಗೆ ರಸ್ತೆ ಉಳಿದಿದೆಯೇ ಎಂಬುದೂ ಮೇಲಿನಿಂದ ಕಾಣದು. ಇಂತಹ ಸ್ಥಳದಲ್ಲಿ ಚಾಲಕನನ್ನು ಮುಂದೆ ಹೋಗಲು ಯಾರೂ ಒತ್ತಾಯಿಸಬಾರದು, ಸದಸ್ಯರಂತೂ ಖಂಡಿತ ಒತ್ತಾಯಿಸಬಾರದು. ಪರ್ಯಾಯ ಮಾರ್ಗವನ್ನು ಮೊದಲೇ ಗುರುತಿಸಿ ನಕ್ಷೆಯಲ್ಲಿ ತೋರಿಸಿದ್ದರೆ ಇಂತಹ ಒತ್ತಡವೇ ಬಾರದು.

7. ಮೇ ತಿಂಗಳೊಳಗೆ ಆಗಬೇಕಾದ ಕೆಲಸಗಳು

ನದಿತೀರದ ಗ್ರಾಮ ಪಂಚಾಯಿತಿಗಳು ಸಾಮಾನ್ಯ ಸಭೆಯಲ್ಲಿ ಈ ಕೆಳಗಿನ ಅಂಶಗಳನ್ನು ಚರ್ಚಿಸಿ ನಿರ್ಣಯ ಕೈಗೊಳ್ಳುವುದು ಉಪಯುಕ್ತ:

• ದೋಣಿ ಇಳಿಸುವ ಮೂರು ಸ್ಥಳಗಳ ಗುರುತು ಮತ್ತು ಅಲ್ಲಿಗೆ ಜಲ್ಲಿ ಹಾಕುವ ವ್ಯವಸ್ಥೆ.
• ಮುಖ್ಯ ರಸ್ತೆಯಿಂದ ಆ ಸ್ಥಳಗಳವರೆಗಿನ ದಾರಿಯ ಪರಿಶೀಲನೆ: ಇಕ್ಕಟ್ಟಾದ ತಿರುವು, ಒತ್ತುವರಿ, ತಗ್ಗಿದ ಕೊಂಬೆ, ಕುಸಿದ ಮೋರಿ.
• ತಾಲ್ಲೂಕು ಆಡಳಿತ ಹಾಗೂ ಅಗ್ನಿಶಾಮಕ ಠಾಣೆಯೊಡನೆ ಮಾತನಾಡಿ, ದೋಣಿ ಎಲ್ಲಿಂದ ಬರುತ್ತದೆ, ಯಾವ ವಾಹನ ಎಳೆಯುತ್ತದೆ, ಕೊಂಡಿಯ ಅಳತೆ ಹೊಂದುತ್ತದೆಯೇ ಎಂಬುದರ ಖಚಿತತೆ.
• ಪಂಚಾಯಿತಿ ವಶದಲ್ಲಿ ಟ್ರೈಲರ್ ಇದ್ದರೆ ಟೈರಿನ ಗಾಳಿ, ಬೇರಿಂಗಿನ ಗ್ರೀಸು, ದೀಪ, ಸರಪಳಿ ಮತ್ತು ಹೆಚ್ಚುವರಿ ಚಕ್ರದ ತಪಾಸಣೆ. ವರ್ಷದ ಹನ್ನೊಂದು ತಿಂಗಳು ನಿಂತಲ್ಲಿಯೇ ನಿಂತ ಟೈರು ಸವೆಯದಿದ್ದರೂ ಬಿರುಕು ಬಿಟ್ಟಿರುತ್ತದೆ.
• ಮೀನುಗಾರರು ಮತ್ತು ಈಜು ಬಲ್ಲ ಯುವಕರ ಪಟ್ಟಿ, ಸನ್ನೆ ಮಾಡುವವರ ಹೆಸರು, ಹಾಗೂ ಹಗಲಿನಲ್ಲಿ ಒಮ್ಮೆ, ಕತ್ತಲಾದ ಮೇಲೆ ಒಮ್ಮೆ ಅಣಕು ಕಾರ್ಯಾಚರಣೆ.
• ತುರ್ತು ಸಂಖ್ಯೆ 112 ಮತ್ತು ಜಿಲ್ಲಾ ವಿಪತ್ತು ನಿರ್ವಹಣಾ ಸಹಾಯವಾಣಿ 1077ನ್ನು ಇಳಿಸುವ ಸ್ಥಳಗಳಲ್ಲಿ ಬರೆಯಿಸುವುದು.

ಜಲಾಶಯದಿಂದ ನೀರು ಬಿಡುವ ಮುನ್ಸೂಚನೆ ಬಂದ ದಿನವೇ ದೋಣಿ ಹೊರಟರೆ ಅದು ಒಣ ರಸ್ತೆಯಲ್ಲಿ, ಹಗಲಿನ ಬೆಳಕಿನಲ್ಲಿ, ಅವಸರವಿಲ್ಲದ ಚಾಲಕನೊಂದಿಗೆ ಬರುತ್ತದೆ. ಸೇತುವೆ ಮುಳುಗಿದ ಮೇಲೆ ಹೊರಟರೆ ಈ ಮೂರೂ ಇರುವುದಿಲ್ಲ. ಆದ್ದರಿಂದ ಮುನ್ಸೂಚನೆ ತಲುಪಿದ ಕೂಡಲೇ ದೋಣಿಗಾಗಿ ಬೇಡಿಕೆ ಸಲ್ಲಿಸುವ ಹೊಣೆ ಯಾರದು ಎಂಬುದನ್ನೂ ಇದೇ ಸಭೆಯಲ್ಲಿ ಹೆಸರು ಸಹಿತ ನಿಗದಿಪಡಿಸಿ, ನಿರ್ಣಯ ಪುಸ್ತಕದಲ್ಲಿ ದಾಖಲಿಸುವುದು ಅಗತ್ಯ.