ತಂತ್ರಾಂಶ ಇಳಿಯುತ್ತಿಲ್ಲ: ತಂತಿ ಎಲ್ಲಿ ಕಡಿದಿದೆ?



ನಾಳೆ ಬೆಳಿಗ್ಗೆ ನಿಮಗೆ ಪ್ರಾಯೋಗಿಕ ಪರೀಕ್ಷೆ ಎಂದಿಟ್ಟುಕೊಳ್ಳಿ. ಹಳೆಯ ಲ್ಯಾಪ್‌ಟಾಪಿಗೆ ಉಬುಂಟು ಲಿನಕ್ಸ್ ಹಾಕಿಕೊಂಡಿದ್ದೀರಿ. ಸಿ ಭಾಷೆಯ ಕಂಪೈಲರ್ ಬೇಕೆಂದು ‘ಸುಡೊ ಆಪ್ಟ್ ಇನ್‌ಸ್ಟಾಲ್ ಜಿಸಿಸಿ’ ಎಂಬ ಆದೇಶ ಕೊಟ್ಟಿರಿ. ಪರದೆಯ ಮೇಲೆ ನಾಲ್ಕಾರು ಸಾಲು ಇಂಗ್ಲಿಷ್ ಬಂತು, ಕೆಲಸ ಮಾತ್ರ ಆಗಲಿಲ್ಲ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಅದೇ ಆದೇಶವನ್ನು ಹತ್ತು ಸಲ ಕೊಡುತ್ತಾರೆ; ಇಲ್ಲವೇ ಇಡೀ ಲಿನಕ್ಸನ್ನೇ ಅಳಿಸಿ ಮತ್ತೆ ಹಾಕುತ್ತಾರೆ. ಹಾಗೆ ಅಳಿಸಿದಾಗ ರಾತ್ರಿಯ ನಿದ್ರೆಯ ಜೊತೆಗೆ ವರ್ಷವೆಲ್ಲ ಬರೆದಿಟ್ಟ ಪ್ರೋಗ್ರಾಮುಗಳೂ ಹೋದಾವು. ಪರದೆಯ ಆ ನಾಲ್ಕು ಸಾಲನ್ನು ಓದುವವರು ಕಡಿಮೆ. ಉತ್ತರ ಇರುವುದು ಅಲ್ಲಿಯೇ.

ದೂರದರ್ಶನದವರಿಗೆ ಈ ಕಥೆ ಹೊಸದಲ್ಲ. ‘ಚಿತ್ರ ಬರುತ್ತಿಲ್ಲ’ ಎಂದು ವೀಕ್ಷಕರು ಫೋನು ಮಾಡಿದರೆ, ನಾವು ಮೊದಲು ಕೇಳುವುದು ಧ್ವನಿ ಬರುತ್ತಿದೆಯೇ, ಬೇರೆ ವಾಹಿನಿಗಳು ಬರುತ್ತಿವೆಯೇ ಎಂದು. ಆ ಉತ್ತರದಿಂದಲೇ ದೋಷ ಸ್ಟುಡಿಯೋದಲ್ಲಿದೆಯೋ, ನಡುವಿನ ದಾರಿಯಲ್ಲಿದೆಯೋ, ಅವರ ಮನೆಯ ಪೆಟ್ಟಿಗೆಯಲ್ಲಿದೆಯೋ ಎಂದು ಅರ್ಧ ಗೊತ್ತಾಗುತ್ತದೆ.

ಆಪ್ಟ್ ಎಂಬುದು 1999ರಲ್ಲಿ ಡೆಬಿಯನ್ ಲಿನಕ್ಸಿನ 2.1ನೇ ಆವೃತ್ತಿಯೊಂದಿಗೆ ಬಂದ ಸಲಕರಣೆ. ಡೆಬಿಯನ್ನನ್ನೇ ಬುನಾದಿಯಾಗಿಟ್ಟುಕೊಂಡು 2004ರಲ್ಲಿ ಹೊರಬಂದ ಉಬುಂಟುವಿನಲ್ಲೂ ಅದೇ ಇದೆ. ನೀವು ಒಂದು ಪ್ಯಾಕೇಜ್ ಕೇಳಿದಾಗ ಅದು ತನ್ನ ಪಟ್ಟಿಯನ್ನು ನೋಡಿ, ಪ್ಯಾಕೇಜ್ ಯಾವ ಉಗ್ರಾಣದಲ್ಲಿದೆ ಎಂದು ತಿಳಿಯುತ್ತದೆ. ಆ ಉಗ್ರಾಣದ ಹೆಸರನ್ನು ಅಂಕಿಯ ವಿಳಾಸವಾಗಿ ಬದಲಿಸಿಕೊಳ್ಳುತ್ತದೆ. ಆ ವಿಳಾಸಕ್ಕೆ ಸಂಪರ್ಕ ಕಲ್ಪಿಸಿ, ಕಡತ ಕೇಳಿ, ಬಂದದ್ದು ಅಸಲಿಯೇ ಎಂದು ಪರೀಕ್ಷಿಸುತ್ತದೆ. ಈ ದಾರಿಯಲ್ಲಿ ಎಲ್ಲಿ ಎಡವಿದರೂ ನಮಗೆ ‘ನೆಟ್‌ವರ್ಕ್ ಸರಿಯಿಲ್ಲ’ ಎಂದೇ ತೋರುತ್ತದೆ. ಆದರೆ ಪ್ರತಿ ಎಡವಿಗೂ ಆಪ್ಟ್ ಬೇರೆ ಬೇರೆ ವಾಕ್ಯ ಹೇಳುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ವಾಕ್ಯ ‘ಟೆಂಪರರಿ ಫೇಲ್ಯೂರ್ ರಿಸಾಲ್ವಿಂಗ್’. ಉಗ್ರಾಣದ ಹೆಸರಿಗೆ ವಿಳಾಸ ಸಿಗಲಿಲ್ಲ ಎಂದು ಇದರ ಅರ್ಥ. ಹೆಸರು ಕೊಟ್ಟರೆ ಅಂಕಿ ಹೇಳುವ ಈ ಏರ್ಪಾಟಿಗೆ ಡಿಎನ್ಎಸ್ ಎನ್ನುತ್ತಾರೆ. ಪಾಲ್ ಮೊಕಪೆಟ್ರಿಸ್ 1983ರಲ್ಲಿ ಇದನ್ನು ರೂಪಿಸಿದರು. ಈಗ ಒಂದು ಸಣ್ಣ ಪ್ರಯೋಗ ಮಾಡಿ. ಮೊದಲು ‘ಪಿಂಗ್ 1.1.1.1’ ಎಂದು ಅಂಕಿಯನ್ನೇ ಕೊಟ್ಟು ನೋಡಿ. ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿ ಅದನ್ನು ನಿಲ್ಲಿಸಿ, ಬಳಿಕ ಉಗ್ರಾಣದ ಹೆಸರಿಗೆ ಪಿಂಗ್ ಕೊಡಿ. ಅಂಕಿಗೆ ಉತ್ತರ ಬಂದು, ಹೆಸರು ಗೊತ್ತಿಲ್ಲವೆಂದರೆ ತಂತಿ ಸರಿಯಾಗಿದೆ, ವಿಳಾಸ ಹೇಳುವವನು ಮಲಗಿದ್ದಾನೆ. ಎರಡಕ್ಕೂ ಉತ್ತರವಿಲ್ಲದಿದ್ದರೆ ವೈ-ಫೈ ಅಥವಾ ಕೇಬಲ್ಲನ್ನೇ ಮೊದಲು ನೋಡಬೇಕು. ಒಂದು ಎಚ್ಚರಿಕೆ: ಕೆಲವು ಕಾಲೇಜುಗಳ ಜಾಲದಲ್ಲಿ ಪಿಂಗ್ ಅನ್ನೇ ತಡೆದಿರುತ್ತಾರೆ. ಆದ್ದರಿಂದ ಉತ್ತರ ಬಂದರೆ ಅದು ಸಾಕ್ಷಿ. ಬರದಿದ್ದರೆ ಅದೊಂದನ್ನೇ ನಂಬಬೇಡಿ.

ಡಿಎನ್ಎಸ್ ದೋಷಕ್ಕೆ ಮನೆಯಲ್ಲಿ ರೂಟರನ್ನು ಒಮ್ಮೆ ಆರಿಸಿ ಹೊತ್ತಿಸುವುದೇ ಎಷ್ಟೋ ಸಲ ಸಾಕಾಗುತ್ತದೆ. ಆಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಸಂಪರ್ಕದ ಐಪಿವಿ4 ಪುಟ ತೆರೆದು, ಡಿಎನ್ಎಸ್ ಜಾಗದಲ್ಲಿ 1.1.1.1 ಅಥವಾ 8.8.8.8 ಎಂದು ಬರೆಯಿರಿ. ಆಮೇಲೆ ಸಂಪರ್ಕವನ್ನು ಕಡಿದು ಮತ್ತೆ ಜೋಡಿಸಿ. ಹಳೆಯ ಪುಸ್ತಕಗಳಲ್ಲಿ ‘ರಿಸಾಲ್ವ್ ಡಾಟ್ ಕಾನ್ಫ್’ ಕಡತವನ್ನು ತಿದ್ದಿ ಎಂದಿರುತ್ತದೆ. ಈಗಿನ ಉಬುಂಟುವಿನಲ್ಲಿ ಆ ಕಡತವನ್ನು ವ್ಯವಸ್ಥೆಯೇ ಬರೆಯುತ್ತದೆ. ನೀವು ತಿದ್ದಿದ್ದು ಹೆಚ್ಚು ಹೊತ್ತು ಉಳಿಯುವುದಿಲ್ಲ.

‘ಕುಡ್ ನಾಟ್ ಕನೆಕ್ಟ್’ ಎಂದು ಬಂದರೆ ವಿಳಾಸ ಸಿಕ್ಕಿದೆ, ಬಾಗಿಲು ತೆರೆದಿಲ್ಲ. ಆ ಸಾಲಿನಲ್ಲಿರುವ ವಿಳಾಸವನ್ನು ಗಮನವಿಟ್ಟು ಓದಿ. ಅದು 10ರಿಂದಲೋ 192.168ರಿಂದಲೋ ಆರಂಭವಾಗಿದ್ದರೆ ಉಗ್ರಾಣದ್ದಲ್ಲ, ಯಾವುದೋ ಒಳಜಾಲದ್ದು. ಬಹುಶಃ ಕಾಲೇಜಿನ ಪ್ರಾಕ್ಸಿಯದು. ಲ್ಯಾಬಿನಲ್ಲಿ ಯಾರೋ ಪ್ರಾಕ್ಸಿ ವಿಳಾಸವನ್ನು ಆಪ್ಟ್‌ಗೆ ಬರೆದುಕೊಟ್ಟಿರುತ್ತಾರೆ. ಲ್ಯಾಪ್‌ಟಾಪ್ ಊರಿಗೆ ಬಂದರೂ ಅದು ಆ ಬಾಗಿಲನ್ನೇ ತಟ್ಟುತ್ತಿರುತ್ತದೆ! ‘ಆಪ್ಟ್ ಡಾಟ್ ಕಾನ್ಫ್ ಡಾಟ್ ಡಿ’ ಎಂಬ ಕಡತಕೋಶದಲ್ಲಿ ಪ್ರಾಕ್ಸಿ ಎಂಬ ಸಾಲು ಹುಡುಕಿ ತೆಗೆದರೆ ಮುಗಿಯಿತು. ಕಾಲೇಜಿನಲ್ಲಿ ಇದೇ ತಿರುವುಮುರುವಾಗುತ್ತದೆ: ಬ್ರೌಸರಿನಲ್ಲಿ ಎಲ್ಲ ತೆರೆಯುತ್ತದೆ, ಆಪ್ಟ್ ಮಾತ್ರ ಕೇಳುವುದಿಲ್ಲ. ಬ್ರೌಸರಿಗೆ ಹೇಳಿದ ಪ್ರಾಕ್ಸಿ ಆಪ್ಟ್‌ಗೆ ತಾನಾಗಿ ಗೊತ್ತಾಗುವುದಿಲ್ಲ. ಅದಕ್ಕೆ ಬೇರೆಯೇ ಹೇಳಬೇಕು.

ಹಾಸ್ಟೆಲಿನ ವೈ-ಫೈನಲ್ಲಿ ಮತ್ತೊಂದು ತಮಾಷೆ. ಲಾಗಿನ್ ಮಾಡುವ ಮೊದಲು ಏನು ಕೇಳಿದರೂ ಆ ಜಾಲ ತನ್ನ ಲಾಗಿನ್ ಪುಟವನ್ನೇ ಕೊಡುತ್ತದೆ. ಆಪ್ಟ್ ಅದನ್ನು ಪ್ಯಾಕೇಜ್ ಪಟ್ಟಿ ಎಂದುಕೊಂಡು ಬಿಚ್ಚಿ, ಗಾಬರಿಯಾಗಿ, ಈ ಜಾಲಕ್ಕೆ ಗುರುತು ತೋರಿಸಬೇಕೇ ಎಂದು ನಿಮ್ಮನ್ನೇ ಕೇಳುತ್ತದೆ. ಬ್ರೌಸರ್ ತೆರೆದು ಲಾಗಿನ್ ಆಗಿ ಬನ್ನಿ.

‘404 ನಾಟ್ ಫೌಂಡ್’ ಕಂಡರೆ ಅನೇಕರು ಹೆದರುತ್ತಾರೆ. ನನ್ನನ್ನು ಕೇಳಿದರೆ ಇದು ಒಳ್ಳೆಯ ಸುದ್ದಿ. ಅಂಗಡಿಯವನು ‘ಆ ಸಾಮಾನು ಇಲ್ಲ’ ಎಂದನೆಂದರೆ ನೀವು ಅಂಗಡಿ ತಲುಪಿದ್ದೀರಿ, ಜಾಲದಲ್ಲಿ ದೋಷವಿಲ್ಲ ಎಂದಾಯಿತು. ನಿಮ್ಮ ಬಳಿಯಿರುವ ಪಟ್ಟಿ ಹಳೆಯದು, ಅಷ್ಟೆ. ‘ಸುಡೊ ಆಪ್ಟ್ ಅಪ್‌ಡೇಟ್’ ಕೊಟ್ಟು ಪಟ್ಟಿ ಹೊಸದು ಮಾಡಿಕೊಳ್ಳಿ. ಅದಕ್ಕೂ 404 ಬಂದರೆ ನಿಮ್ಮ ಉಬುಂಟು ಆವೃತ್ತಿಯ ಆಯುಷ್ಯವೇ ಮುಗಿದಿರಬಹುದು. ಉದಾಹರಣೆಗೆ, 23.10ನೇ ಆವೃತ್ತಿಯ ಬೆಂಬಲ 2024ರ ಜುಲೈನಲ್ಲಿ ಮುಗಿಯಿತು. ಅಂಥ ಆವೃತ್ತಿಗಳ ಕಡತಗಳನ್ನು ‘ಓಲ್ಡ್ ರಿಲೀಸಸ್’ ಎಂಬ ಬೇರೆ ಉಗ್ರಾಣಕ್ಕೆ ಸಾಗಿಸುತ್ತಾರೆ. ದೀರ್ಘಾವಧಿ ಬೆಂಬಲದ ಆವೃತ್ತಿಯನ್ನೇ ಹಾಕಿಕೊಳ್ಳಿ ಎಂದು ಹಿರಿಯರು ಹೇಳುವುದು ಇದಕ್ಕೇ.

ಇನ್ನು ‘ನಾಟ್ ವ್ಯಾಲಿಡ್ ಯೆಟ್’. ಪಟ್ಟಿಯ ಮೇಲಿನ ದಿನಾಂಕ ಇನ್ನೂ ಬಂದೇ ಇಲ್ಲ ಎನ್ನುತ್ತದೆ ನಿಮ್ಮ ಯಂತ್ರ! ಅದರ ಗಡಿಯಾರ ಹಿಂದೆ ಬಿದ್ದಿದೆ. ಹಳೆಯ ಕಂಪ್ಯೂಟರುಗಳಲ್ಲಿ ಒಳಗಿನ ಬಿಲ್ಲೆ ಬ್ಯಾಟರಿ ಸತ್ತಾಗ ಹೀಗಾಗುತ್ತದೆ. ‘ಡೇಟ್’ ಎಂದು ಆದೇಶ ಕೊಟ್ಟು ದಿನಾಂಕ ನೋಡಿ, ತಪ್ಪಿದ್ದರೆ ಸರಿಪಡಿಸಿ, ಬ್ಯಾಟರಿ ಬದಲಿಸಿ.

ಕಡತದ ಸಹಿ ಹೊಂದುತ್ತಿಲ್ಲವೆಂದು ಆಪ್ಟ್ ಹಟ ಹಿಡಿದಾಗ, ಸಹಿಯ ಪರೀಕ್ಷೆಯನ್ನೇ ಬಿಟ್ಟುಬಿಡುವ ಆದೇಶವೊಂದನ್ನು ಗೆಳೆಯರು ಹೇಳಿಕೊಟ್ಟಾರು. ದಯವಿಟ್ಟು ಬಳಸಬೇಡಿ. ಪ್ಯಾಕೇಜ್ ಒಳಬರುವುದು ಯಂತ್ರದ ಸರ್ವಾಧಿಕಾರದೊಂದಿಗೆ. ದಾರಿಯಲ್ಲಿ ಯಾರಾದರೂ ಕಡತವನ್ನು ಬದಲಿಸಿದ್ದರೆ ಅದನ್ನು ಹಿಡಿಯುವ ಕಾವಲು ಆ ಸಹಿಯೇ.

ಯಾವ ವಾಕ್ಯವೂ ದಾರಿ ತೋರದಿದ್ದರೆ ಜಾಲವನ್ನೇ ಬದಲಿಸಿ ನೋಡಿ. ಫೋನಿನ ಹಾಟ್‌ಸ್ಪಾಟ್ ಹೊತ್ತಿಸಿ ಅದೇ ಆದೇಶ ಕೊಡಿ. ಅಲ್ಲಿ ನಡೆದರೆ ದೋಷ ನಿಮ್ಮ ಲಿನಕ್ಸಿನದಲ್ಲ. ದೋಷವಾಕ್ಯವನ್ನು ಅಕ್ಷರಶಃ ಬರೆದುಕೊಂಡು ಲ್ಯಾಬಿನ ಮೇಲ್ವಿಚಾರಕರಿಗೆ ತೋರಿಸಿ. ಡೇಟಾ ಕಡಿಮೆಯಿದ್ದರೆ ಜಿಸಿಸಿಗೆ ಮುಂಚೆ ‘ಫಾಂಟ್ಸ್-ಗುಬ್ಬಿ’ ಎಂಬ ಪುಟ್ಟ ಪ್ಯಾಕೇಜ್ ಕೇಳಿ ಪರೀಕ್ಷಿಸಬಹುದು. ಅದು ಕನ್ನಡದ ಅಕ್ಷರರೂಪ. ಇಳಿದರೆ ದಾರಿ ತೆರೆದಿದೆ ಎಂದು ಗೊತ್ತಾಗುತ್ತದೆ, ನಿಮ್ಮ ಯಂತ್ರಕ್ಕೆ ಒಂದು ಕನ್ನಡ ಲಿಪಿಯೂ ಬಂದಂತಾಗುತ್ತದೆ.